ವಾಣಿಜ್ಯ ದಾವೆಗಳಲ್ಲಿ ವಾಯಿದೆಯ ಬಿಗಿ: ಲೆಕ್ಕಪತ್ರ ವಿಭಾಗದ ಹೊಸ ಹೊಣೆ

ಕೋರ್ಟಿನ ಮೆಟ್ಟಿಲು ಹತ್ತಿದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ವರ್ತಕ ಸಮುದಾಯದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಆ ಮಾತಿನ ಹಿಂದಿರುವುದು ವಿಳಂಬದ ಭಯ. ನ್ಯಾಯಾಲಯದ ಆವರಣದಲ್ಲಿ ವಾಯಿದೆ ಎಂದರೆ ಮುಂದೂಡಿಕೆ ಎಂದೇ ಜನರ ತಿಳಿವಳಿಕೆ. ಹಣ ಕೊಡಬೇಕಾದವನು ವಾಯಿದೆಯ ಮೇಲೆ ವಾಯಿದೆ ಪಡೆದು ಕಾಲ ತಳ್ಳುತ್ತಾನೆ, ಬರಬೇಕಾದವನು ದಣಿದು ಅರ್ಧಕ್ಕೆ ರಾಜಿಯಾಗುತ್ತಾನೆ. ಕಳೆದ ಒಂದು ದಶಕದಲ್ಲಿ ಈ ಪದದ ಇನ್ನೊಂದು ಅರ್ಥ ಬಲ ಪಡೆದುಕೊಂಡಿದೆ. ವಾಯಿದೆ ಎಂದರೆ ಗಡುವು. ದಾವೆಯು ಅಂತಿಮವಾಗಿ ಇತ್ಯರ್ಥವಾಗಲು ಹಿಡಿಯುವ ಕಾಲ ಇಂದಿಗೂ ದೀರ್ಘವೇ ಇರಬಹುದು. ಆದರೆ ದಾವೆಯ ಒಳಗಿನ ಹಂತಗಳಿಗೆ ಶಾಸನವು ಗೊತ್ತುಪಡಿಸಿರುವ ದಿನಗಳನ್ನು ನ್ಯಾಯಾಲಯಗಳು ಮೊದಲಿನಂತೆ ಸಡಿಲಿಸುತ್ತಿಲ್ಲ. ಹಕ್ಕು ನ್ಯಾಯಸಮ್ಮತವಾಗಿದ್ದರೂ ದಿನ ತಪ್ಪಿದ ಕಾರಣಕ್ಕೆ ಅದನ್ನು ಕಳೆದುಕೊಳ್ಳುವುದು ಇಂದಿನ ಉದ್ದಿಮೆಗಳು ಎದುರಿಸುತ್ತಿರುವ ಮುಖ್ಯ ಕಾನೂನು ಅಪಾಯವಾಗಿದೆ. ಈ ದಿನಗಳ ಎಣಿಕೆಯು ವಕೀಲರ ಕಚೇರಿಯಲ್ಲಿ ಆರಂಭವಾಗುವುದಿಲ್ಲ. ಬೀಜಕ ಬರೆಯುವ, ಖಾತೆ ಇಡುವ, ಟಪಾಲು ಸ್ವೀಕರಿಸುವ ಮೇಜಿನಲ್ಲಿ ಆರಂಭವಾಗುತ್ತದೆ.

ಮೂವತ್ತು ದಿನ, ನೂರಿಪ್ಪತ್ತು ದಿನ

2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯು ಈ ಬದಲಾವಣೆಯ ಮೂಲ. ಆರಂಭದಲ್ಲಿ 1 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮೌಲ್ಯದ ವಾಣಿಜ್ಯ ವಿವಾದಗಳಿಗೆ ಮಾತ್ರ ಇದು ಅನ್ವಯಿಸುತ್ತಿತ್ತು. ಆಗ ಸಣ್ಣ ಉದ್ದಿಮೆದಾರರು ಇದನ್ನು ದೊಡ್ಡ ಕಂಪನಿಗಳ ವಿಷಯವೆಂದು ಬದಿಗಿಟ್ಟರು. 2018ರ ತಿದ್ದುಪಡಿಯು ಈ ಮಿತಿಯನ್ನು 3 ಲಕ್ಷ ರೂಪಾಯಿಗೆ ಇಳಿಸಿತು. ಸರಕು ಮಾರಾಟ, ಸೇವೆ, ಏಜೆನ್ಸಿ, ಪಾಲುದಾರಿಕೆ, ಸಾಗಾಣಿಕೆ, ವ್ಯಾಪಾರಕ್ಕಾಗಿಯೇ ಬಳಸುವ ಸ್ಥಿರಾಸ್ತಿ ಮುಂತಾದವುಗಳಿಗೆ ಸಂಬಂಧಿಸಿದ ಕರಾರುಗಳಿಂದ ಹುಟ್ಟುವ ವಿವಾದಗಳೆಲ್ಲ ಇದರ ವ್ಯಾಪ್ತಿಗೆ ಬರುವುದರಿಂದ, ಇಂದು ಚಿಕ್ಕಪೇಟೆಯ ಸಗಟು ವರ್ತಕನ ಬಾಕಿ ವಸೂಲಿಯೂ ವಾಣಿಜ್ಯ ದಾವೆಯೇ ಆಗಬಹುದು. ಮುಂಬಯಿ, ಚೆನ್ನೈ, ಕೋಲ್ಕತ್ತ, ದೆಹಲಿಗಳ ಉಚ್ಚ ನ್ಯಾಯಾಲಯಗಳಿಗಿರುವ ಸಾಮಾನ್ಯ ಮೂಲ ಸಿವಿಲ್ ಅಧಿಕಾರ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಇಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಇಂತಹ ದಾವೆಗಳು ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ವಾಣಿಜ್ಯ ವಿವಾದಗಳಿಗೆಂದು ಗೊತ್ತುಪಡಿಸಿದ ನ್ಯಾಯಾಲಯಗಳ ಮುಂದೆ ಬರುತ್ತವೆ.

ಸಮನ್ಸು ಜಾರಿಯಾದ 30 ದಿನಗಳೊಳಗೆ ಪ್ರತಿವಾದಿಯು ತನ್ನ ಲಿಖಿತ ಕೈಫಿಯತ್ತನ್ನು ಸಲ್ಲಿಸಬೇಕು. ಕಾರಣ ತೋರಿಸಿ, ವೆಚ್ಚ ಕಟ್ಟಿ ಹೆಚ್ಚಿನ ಕಾಲ ಪಡೆಯಬಹುದು. ಆದರೆ ಅದು ಸಮನ್ಸು ಜಾರಿಯಾದ ದಿನದಿಂದ ಒಟ್ಟು 120 ದಿನಗಳನ್ನು ಮೀರುವಂತಿಲ್ಲ. ಸಾಮಾನ್ಯ ಸಿವಿಲ್ ದಾವೆಗಳಲ್ಲಿ 90 ದಿನಗಳ ಮಿತಿಯು ಕಟ್ಟುನಿಟ್ಟಿನದಲ್ಲವೆಂದು ಕೈಲಾಶ್ ವಿರುದ್ಧ ನನ್ಹಕು ಪ್ರಕರಣದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಆ ಉದಾರತೆ ವಾಣಿಜ್ಯ ದಾವೆಗಳಿಗೆ ದೊರೆಯದು. ಎಸ್‌ಸಿಜಿ ಕಾಂಟ್ರಾಕ್ಟ್ಸ್ ವಿರುದ್ಧ ಚಮಣ್ಕರ್ ಇನ್‌ಫ್ರಾಸ್ಟ್ರಕ್ಚರ್ ಪ್ರಕರಣದ 2019ರ ತೀರ್ಪಿನಂತೆ 120 ದಿನ ಕಳೆದ ಮೇಲೆ ಕೈಫಿಯತ್ತು ಸಲ್ಲಿಸುವ ಹಕ್ಕೇ ಉಳಿಯುವುದಿಲ್ಲ; ನ್ಯಾಯಾಲಯವು ತನ್ನ ಅಂತರ್ಗತ ಅಧಿಕಾರವನ್ನು ಬಳಸಿಯೂ ಅದನ್ನು ಸ್ವೀಕರಿಸಲಾಗದು.

ಈ ನಿಯಮದಿಂದ ತೊಂದರೆಗೀಡಾಗುವವರಲ್ಲಿ ದುರುದ್ದೇಶದಿಂದ ಕಾಲ ತಳ್ಳುವವರಷ್ಟೇ ಅಲ್ಲ, ಅಜಾಗರೂಕರೂ ಇರುತ್ತಾರೆ. ಅನೇಕ ಖಾಸಗಿ ಕಂಪನಿಗಳ ನೋಂದಾಯಿತ ಕಚೇರಿ ಕಾಗದದ ಮೇಲೆ ಮಾತ್ರ ಇರುತ್ತದೆ. ಅದು ನಿರ್ದೇಶಕರೊಬ್ಬರ ಹಳೆಯ ಮನೆ, ಇಲ್ಲವೇ ಲೆಕ್ಕ ಪರಿಶೋಧಕರ ಕಚೇರಿ. ಅಲ್ಲಿ ಕಾವಲುಗಾರನೋ ಗುಮಾಸ್ತನೋ ಸಹಿ ಹಾಕಿ ಪಡೆದ ಲಕೋಟೆಯು ಕಾರ್ಖಾನೆಯನ್ನು ತಲುಪುವ ವೇಳೆಗೆ ಇಪ್ಪತ್ತು ದಿನ ಕಳೆದಿರುತ್ತದೆ. ಖರೀದಿ ವಿಭಾಗವು ಕಡತ ಹುಡುಕಲು, ಆಡಳಿತ ಮಂಡಳಿಯು ವಕೀಲರನ್ನು ಗೊತ್ತುಮಾಡಲು ಇನ್ನಷ್ಟು ದಿನ. ವಿಳಾಸ ಬದಲಾದಾಗ ಅದನ್ನು ಕಂಪನಿಗಳ ರಿಜಿಸ್ಟ್ರಾರರಲ್ಲಿ ದಾಖಲಿಸುವುದು ಸಣ್ಣ ಕೆಲಸ. ಅದನ್ನು ಮಾಡದಿದ್ದರೆ ಲಕ್ಷಾಂತರ ರೂಪಾಯಿಯ ದಾವೆಯಲ್ಲಿ ಪ್ರತಿವಾದವೇ ಇಲ್ಲದಂತಾಗಬಹುದು.

ಬಾಕಿಯ ಆಯುಷ್ಯ

ಬರಬೇಕಾದ ಹಣದ ವಿಷಯದಲ್ಲಿ ಲಿಮಿಟೇಷನ್ ಆಕ್ಟ್ ಎಂದು ಪರಿಚಿತವಾದ 1963ರ ಕಾಲಮಿತಿ ಕಾಯಿದೆಯೇ ಮೊದಲ ಗಡಿಯಾರ. ಒಂದು ಉದಾಹರಣೆಯ ಮೂಲಕ ಇದನ್ನು ಸ್ಪಷ್ಟಪಡಿಸಬಹುದು. ಪೀಣ್ಯದ ಒಂದು ಸಣ್ಣ ಘಟಕವು ಪಂಪು ತಯಾರಿಸುವ ಕಂಪನಿಯೊಂದಕ್ಕೆ 34 ಲಕ್ಷ ರೂಪಾಯಿ ಬೆಲೆಯ ಬಿಡಿಭಾಗಗಳನ್ನು 2022ರ ಜೂನ್ 6ರಂದು ಸರಬರಾಜು ಮಾಡಿತೆಂದು ಇಟ್ಟುಕೊಳ್ಳಬಹುದು. ಖರೀದಿ ಆದೇಶದಲ್ಲಿ 60 ದಿನಗಳ ಉದ್ದರಿ. ಉದ್ದರಿಯ ಅವಧಿ ಆಗಸ್ಟ್ 5ಕ್ಕೆ ಮುಗಿಯುತ್ತದೆ; ಅಲ್ಲಿಂದ ಮೂರು ವರ್ಷ, ಅಂದರೆ 2025ರ ಆಗಸ್ಟ್ 5ರವರೆಗೆ ದಾವೆ ಹೂಡಬಹುದು. ಉದ್ದರಿಯ ಅವಧಿಯನ್ನು ಬರೆದೇ ಇರದಿದ್ದರೆ ಸರಕು ಒಪ್ಪಿಸಿದ ದಿನದಿಂದಲೇ ಎಣಿಕೆ ಆರಂಭವಾಗುತ್ತದೆ. ಒಂದೇ ಗ್ರಾಹಕನ ಹತ್ತು ಬೀಜಕಗಳಿಗೆ ಹತ್ತು ಕೊನೆಯ ದಿನಗಳಿರಬಹುದು ಎಂಬುದನ್ನು ಇಲ್ಲಿ ಮರೆಯಬಾರದು.

ಇದು ಚಾಲ್ತಿ ಖಾತೆ, ಕೊನೆಯ ವ್ಯವಹಾರದಿಂದ ಮೂರು ವರ್ಷ ಎಣಿಸಿದರಾಯಿತು ಎಂಬ ನಂಬಿಕೆ ಲೆಕ್ಕಿಗರಲ್ಲಿ ವ್ಯಾಪಕವಾಗಿದೆ. ಕಾಯಿದೆಯ ಮೊದಲ ಅನುಚ್ಛೇದದ ಸೌಲಭ್ಯ ದೊರೆಯುವುದು ಪರಸ್ಪರ ಖಾತೆಗೆ, ಅಂದರೆ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಸ್ವತಂತ್ರವಾದ ಬೇಡಿಕೆ ಇಡಬಲ್ಲ ಖಾತೆಗೆ. ಒಬ್ಬನು ಸರಕು ಕಳಿಸುತ್ತ, ಇನ್ನೊಬ್ಬನು ಆಗಾಗ ಹಣ ಕೊಡುತ್ತ ಹೋಗುವ ಖಾತೆ ಎಷ್ಟೇ ಉದ್ದವಿದ್ದರೂ ಅದರಿಂದಲೇ ಪರಸ್ಪರ ಖಾತೆ ಎನಿಸುವುದಿಲ್ಲ. ಈ ತಪ್ಪು ಕಲ್ಪನೆಯಿಂದ ಹಳೆಯ ಬೀಜಕಗಳು ಸದ್ದಿಲ್ಲದೆ ವಾಯಿದೆ ಮೀರುತ್ತವೆ.

ಕೋವಿಡ್ ಕಾಲದ ಬಾಕಿಗಳ ಎಣಿಕೆ ಬೇರೆ. ಸರ್ವೋಚ್ಚ ನ್ಯಾಯಾಲಯದ 2022ರ ಜನವರಿ 10ರ ಆದೇಶದಂತೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಕಾಲಮಿತಿಯ ಲೆಕ್ಕದಿಂದ ಬಿಡಬೇಕು. ಆ ಅವಧಿಗೆ ಹಿಂದಿನ ಬಾಕಿಯನ್ನು ಕೈಬಿಡುವ ಮುನ್ನ ಈ ಲೆಕ್ಕವನ್ನೊಮ್ಮೆ ಮಾಡಿ ನೋಡತಕ್ಕದ್ದು.

ಬಾಕಿಯ ಆಯುಷ್ಯವನ್ನು ಹೆಚ್ಚಿಸುವ ಸಾಧನವೆಂದರೆ 18ನೆಯ ಪ್ರಕರಣದ ಒಪ್ಪಿಗೆ. ಕಾಲಮಿತಿ ಮುಗಿಯುವ ಮೊದಲು, ಹೊಣೆಯುಳ್ಳವನು ಅಥವಾ ಅವನಿಂದ ಅಧಿಕಾರ ಪಡೆದವನು, ಸಹಿ ಮಾಡಿದ ಬರಹದಲ್ಲಿ ಬಾಕಿಯನ್ನು ಒಪ್ಪಿಕೊಂಡರೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ. ಬಾಕಿಯಿದೆ, ಆದರೆ ಈಗ ಕೊಡಲಾಗದು ಎಂದು ಬರೆದಿದ್ದರೂ ಸಾಕು. ಇ-ಅಂಚೆಯ ಮೂಲಕ ಮಾಡಿದ ಒಪ್ಪಿಗೆಯೂ ಊರ್ಜಿತವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಸುದರ್ಶನ್ ಕಾರ್ಗೊ ಪ್ರಕರಣದಲ್ಲಿ 2013ರಲ್ಲಿ ತೀರ್ಮಾನಿಸಿದೆ. ಮೇಲಿನ ಉದಾಹರಣೆಯ ಕಂಪನಿಯ ನಿರ್ದೇಶಕರು 2023ರ ಏಪ್ರಿಲ್ 12ರಂದು, 34 ಲಕ್ಷ ಬಾಕಿಯಿದೆ, ಎರಡು ತ್ರೈಮಾಸಿಕಗಳ ಕಾಲಾವಕಾಶ ಬೇಕು ಎಂದು ಇ-ಅಂಚೆ ಕಳಿಸಿದ್ದರೆ ಕಾಲಮಿತಿ 2026ರ ಏಪ್ರಿಲ್ 12ರವರೆಗೆ ವಿಸ್ತರಿಸುತ್ತದೆ. ಅದೇ ಮಾತನ್ನು ದೂರವಾಣಿಯಲ್ಲಿ ಹೇಳಿದ್ದರೆ ಒಂದು ದಿನವೂ ವಿಸ್ತರಿಸುವುದಿಲ್ಲ.

ಪ್ರತಿ ವರ್ಷ ಮಾರ್ಚ್ ಮುಗಿದೊಡನೆ ಕಳಿಸುವ ಬಾಕಿ ದೃಢೀಕರಣ ಪತ್ರಗಳ ನಿಜವಾದ ಬೆಲೆ ಇರುವುದು ಇಲ್ಲಿ. ಬಹುಪಾಲು ಕಚೇರಿಗಳಲ್ಲಿ ಇದು ಲೆಕ್ಕ ಪರಿಶೋಧಕರ ಕಡತ ತುಂಬಿಸುವ ವಾರ್ಷಿಕ ವಿಧಿಯಾಗಿ ಉಳಿದಿದೆ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಮೊತ್ತವು ಸರಿಯೆಂದು ಭಾವಿಸಲಾಗುವುದು ಎಂಬ ಸಾಲನ್ನು ಪತ್ರದ ಅಡಿಯಲ್ಲಿ ಮುದ್ರಿಸಿ ಎಲ್ಲರೂ ನಿಶ್ಚಿಂತರಾಗುತ್ತಾರೆ. ಲೆಕ್ಕ ಪರಿಶೋಧನೆಯ ದೃಷ್ಟಿಯಿಂದ ಅದಕ್ಕೆ ಏನೇ ಉಪಯೋಗವಿರಲಿ, 18ನೆಯ ಪ್ರಕರಣದ ದೃಷ್ಟಿಯಿಂದ ಅದು ಬರಿಯ ಕಾಗದ. ಮೌನವು ಸಹಿಯಲ್ಲ. ಉಗ್ರಾಣದ ಗುಮಾಸ್ತ ಒತ್ತಿದ ಸ್ವೀಕೃತಿ ಮುದ್ರೆಯೂ ಪತ್ರ ತಲುಪಿತೆಂಬುದಕ್ಕೆ ಸಾಕ್ಷಿಯೇ ಹೊರತು ಬಾಕಿಯ ಒಪ್ಪಿಗೆಯಲ್ಲ. ನೂರು ಗ್ರಾಹಕರಿಗೆ ಪತ್ರ ಕಳಿಸಿ ಸುಮ್ಮನಾಗುವುದಕ್ಕಿಂತ ದೊಡ್ಡ ಬಾಕಿಯ ಹತ್ತು ಗ್ರಾಹಕರಿಂದ ಅಧಿಕೃತ ಸಹಿ, ಹೆಸರು, ಹುದ್ದೆ, ದಿನಾಂಕ ಸಹಿತ ಉತ್ತರ ತರಿಸಿಕೊಳ್ಳುವುದು ಲೇಸು.

ಗ್ರಾಹಕನು ಕಂಪನಿಯಾಗಿದ್ದರೆ ಇನ್ನೊಂದು ದಾರಿಯೂ ಇದೆ. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ, ಅಂದರೆ ಅಢಾವೆ ಪತ್ರಿಕೆಯಲ್ಲಿ, ತೋರಿಸಿದ ಸಾಲವು ಒಪ್ಪಿಗೆಯಾಗಬಲ್ಲದೆಂದು ಬಿಶಾಲ್ ಜೈಸ್ವಾಲ್ ಪ್ರಕರಣದಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೆ ಅದು ತಾನಾಗಿಯೇ ಆಗುವುದಿಲ್ಲ. ಜೊತೆಯಲ್ಲಿರುವ ಟಿಪ್ಪಣಿಗಳಲ್ಲಿ ಸಾಲವನ್ನು ವಿವಾದಿತವೆಂದು ಹೇಳಲಾಗಿದೆಯೇ ಎಂಬುದನ್ನು ಪ್ರಕರಣವಾರು ಪರಿಶೀಲಿಸಬೇಕಾಗುತ್ತದೆ. ವಿವಿಧ ಸರಬರಾಜುದಾರರು ಎಂದು ಒಟ್ಟು ಮೊತ್ತವನ್ನಷ್ಟೇ ತೋರಿಸಿರುವ ಪತ್ರಿಕೆಯಿಂದ ಒಬ್ಬ ಸರಬರಾಜುದಾರನ ಬಾಕಿಯನ್ನು ರುಜುವಾತುಪಡಿಸುವುದು ಸುಲಭವಲ್ಲ. ಪಾಲುದಾರಿಕೆ ಸಂಸ್ಥೆ ಮತ್ತು ಒಡೆತನದ ಸಂಸ್ಥೆಗಳ ಲೆಕ್ಕಪತ್ರಗಳಂತೂ ಸಾರ್ವಜನಿಕವಾಗಿ ದೊರೆಯುವುದೇ ಇಲ್ಲ. ಆದ್ದರಿಂದ ಇದು ಕೊನೆಯ ಆಸರೆಯೇ ಹೊರತು ಮೊದಲ ಉಪಾಯವಲ್ಲ.

ಇನ್ನೊಂದು ಮಾತು. ಬಾಕಿಯನ್ನು ಪುಸ್ತಕದಲ್ಲಿ ವಸೂಲಾಗದ ಸಾಲವೆಂದು ತೆಗೆದುಹಾಕಿದರೆ ವಸೂಲಿಯ ಹಕ್ಕೂ ಹೋಯಿತೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ತೆಗೆದುಹಾಕುವುದು ಲೆಕ್ಕಪತ್ರದ ಮತ್ತು ತೆರಿಗೆಯ ಸಂಗತಿ. ಗ್ರಾಹಕನ ಹೊಣೆ ಅದರಿಂದ ಕರಗುವುದಿಲ್ಲ.

ದಾವೆಗೆ ಮೊದಲಿನ ಮಧ್ಯಸ್ಥಿಕೆ

ಕೊನೆಯ ವಾರದಲ್ಲಿ ವಕೀಲರ ಬಳಿ ಓಡುವ ಹಳೆಯ ಪದ್ಧತಿಗೆ ದೊಡ್ಡ ಪೆಟ್ಟು ಬಿದ್ದಿರುವುದು ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯ 12ಎ ಪ್ರಕರಣದಿಂದ. ತುರ್ತು ಮಧ್ಯಂತರ ಪರಿಹಾರ ಕೋರದ ವಾಣಿಜ್ಯ ದಾವೆಯನ್ನು ಹೂಡುವ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಯ ಪ್ರಯತ್ನ ನಡೆಯಲೇಬೇಕು. ಪಾಟೀಲ್ ಆಟೊಮೇಷನ್ ವಿರುದ್ಧ ರಾಖೇಜಾ ಎಂಜಿನಿಯರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಕಡ್ಡಾಯವೆಂದು ಸಾರಿ, ಇದನ್ನು ಪಾಲಿಸದ ವಾದಪತ್ರವನ್ನು ತಿರಸ್ಕರಿಸತಕ್ಕದ್ದೆಂದು ಹೇಳಿತು. 2022ರ ಆಗಸ್ಟ್ 20ರಿಂದ ಈ ತೀರ್ಮಾನ ಜಾರಿಗೆ ಬಂದಿತು. ತುರ್ತು ಪರಿಹಾರದ ಕೋರಿಕೆಯನ್ನು ಹೆಸರಿಗೆ ಸೇರಿಸಿ ಈ ಹಂತವನ್ನು ದಾಟಿಬಿಡುವ ಜಾಣತನಕ್ಕೂ ಯಾಮಿನಿ ಮನೋಹರ್ ಪ್ರಕರಣದ 2023ರ ತೀರ್ಪು ತಡೆಯೊಡ್ಡಿದೆ. ಕೋರಿಕೆಯು ಕೇವಲ ಮುಸುಕೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸಬಹುದು.

ಪೀಣ್ಯದ ಘಟಕಕ್ಕೆ ಯಾವ ಒಪ್ಪಿಗೆ ಪತ್ರವೂ ದೊರೆತಿರಲಿಲ್ಲವೆಂದೂ, ಅದು 2025ರ ಆಗಸ್ಟ್ 4ರಂದು ನೇರವಾಗಿ ದಾವೆ ಹೂಡಿತೆಂದೂ ಭಾವಿಸಿದರೆ ಪರಿಣಾಮ ಸ್ಪಷ್ಟವಾಗುತ್ತದೆ. ಕೆಲವು ತಿಂಗಳ ಮೇಲೆ ವಾದಪತ್ರ ತಿರಸ್ಕೃತವಾಗುತ್ತದೆ. ಮಧ್ಯಸ್ಥಿಕೆ ಮುಗಿಸಿಕೊಂಡು ಹೊಸ ವಾದಪತ್ರ ಸಲ್ಲಿಸಲು ಅಡ್ಡಿಯಿಲ್ಲ, ಆದರೆ ಅಷ್ಟು ಹೊತ್ತಿಗೆ ಮೂರು ವರ್ಷ ಮುಗಿದಿರುತ್ತದೆ. ಅದೇ ದಿನ ಮಧ್ಯಸ್ಥಿಕೆಗೆ ಅರ್ಜಿ ಸಲ್ಲಿಸಿದ್ದರೆ ಮಧ್ಯಸ್ಥಿಕೆ ನಡೆದಷ್ಟು ಕಾಲವನ್ನು ಕಾಲಮಿತಿಯಿಂದ ಬಿಡಲಾಗುತ್ತಿತ್ತು; ಅದು ಮುಗಿದ ಬಳಿಕ ದಾವೆ ಹೂಡಲು ಉಳಿಯುತ್ತಿದ್ದುದು ಮಾತ್ರ ಬೆರಳೆಣಿಕೆಯ ದಿನಗಳು. ಮಧ್ಯಸ್ಥಿಕೆಯ ಅವಧಿ ಮೂರು ತಿಂಗಳು, ಉಭಯ ಪಕ್ಷಗಳ ಒಪ್ಪಿಗೆಯಿದ್ದರೆ ಇನ್ನೆರಡು ತಿಂಗಳು. ಎದುರು ಪಕ್ಷ ಬಾರದೇ ಹೋದರೆ ಆ ಬಗ್ಗೆ ವರದಿ ದೊರೆಯುತ್ತದೆ. ಅದನ್ನು ಹಿಡಿದು ದಾವೆ ಹೂಡಬಹುದು. ರಾಜಿಯಾದರೆ ಆ ಒಪ್ಪಂದಕ್ಕೆ ಪಂಚಾಯ್ತಿ ತೀರ್ಪಿನ ಬಲವಿದೆ. ಇದನ್ನು ವ್ಯರ್ಥ ಕಾಲಹರಣವೆಂದು ದೂರುವ ವರ್ತಕರು, ಸಾಕ್ಷಿ ವಿಚಾರಣೆಯಿಲ್ಲದೆ ಕೈಗೆ ಬರುವ ಇಂತಹ ಒಪ್ಪಂದದ ಬೆಲೆಯನ್ನು ಪೂರ್ತಿಯಾಗಿ ಗ್ರಹಿಸಿದಂತೆ ಕಾಣುವುದಿಲ್ಲ.

ಸಣ್ಣ ಘಟಕಗಳ ವಿಶೇಷ ಹಕ್ಕು

ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ 2006ರ ಎಂಎಸ್‌ಎಂಇಡಿ ಕಾಯಿದೆಯ ದಾರಿ ಪ್ರತ್ಯೇಕವಾಗಿಯೇ ಇದೆ. ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನಗಳಿಗೆ ಮೀರಿದ ಉದ್ದರಿ ಇಲ್ಲಿ ನಡೆಯದು. ಲಿಖಿತ ಕರಾರಿಲ್ಲದಿದ್ದರೆ 15 ದಿನ. ಉದಾಹರಣೆಯ ಘಟಕವು ಸರಬರಾಜಿಗೆ ಮೊದಲೇ ನೋಂದಣಿಯಾಗಿದ್ದರೆ ಅದರ ಹಣ 2022ರ ಜುಲೈ 21ರೊಳಗೆ ಸಂದಾಯವಾಗಬೇಕಿತ್ತು. ಆಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಫೆಸಿಲಿಟೇಷನ್ ಕೌನ್ಸಿಲಿನ ತೀರ್ಪನ್ನು ಖರೀದಿದಾರನು ಪ್ರಶ್ನಿಸಬೇಕಾದರೆ ತೀರ್ಪಿನ ಮೊತ್ತದ ಶೇ. 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಕರಾರಿನಲ್ಲಿ ಬೇರೆ ಪಂಚಾಯ್ತಿಯ ಷರತ್ತಿದ್ದರೂ ಈ ಕಾಯಿದೆಯೇ ಮೇಲೆಂದು ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ 2022ರಲ್ಲಿ ತೀರ್ಮಾನವಾಗಿದೆ. ಆದರೆ ನೋಂದಣಿ ಯಾವಾಗ ಆಗಿರಬೇಕೆಂಬ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದಲ್ಲಿ ಹೆಚ್ಚು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿದ್ದರಿಂದ, ವ್ಯವಹಾರಕ್ಕೆ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದೇ ಸುರಕ್ಷಿತ. ಸಗಟು ಮತ್ತು ಚಿಲ್ಲರೆ ವರ್ತಕರ ಉದ್ಯಮ್ ನೋಂದಣಿಯು ಬ್ಯಾಂಕುಗಳ ಆದ್ಯತಾ ಸಾಲಕ್ಕಾಗಿ ಮಾತ್ರ. ತಡವಾದ ಪಾವತಿಯ ಈ ರಕ್ಷಣೆ ಅವರಿಗಿಲ್ಲ ಎಂಬುದನ್ನು ಸಂಸ್ಥೆಯ ವರ್ತಕ ಸದಸ್ಯರು ಗಮನಿಸಬೇಕು. ಕೌನ್ಸಿಲಿನ ಮೂಲಕ ನಡೆಯುವ ಪಂಚಾಯ್ತಿಗೂ ಕಾಲಮಿತಿ ಕಾಯಿದೆ ಅನ್ವಯಿಸುತ್ತದೆಂದು 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪು ಹೇಳಿರುವುದರಿಂದ ಇಲ್ಲಿಯೂ ಕೈಕಟ್ಟಿ ಕುಳಿತಿರುವಂತಿಲ್ಲ.

ಕೊಳ್ಳುವವರ ಪಾಲಿನ ಎಚ್ಚರ

ಬಿಡಿಭಾಗಗಳು ದೋಷಪೂರಿತವಾಗಿದ್ದವು ಎಂಬುದು ಹಣ ಕೊಡದವರ ಸಾಮಾನ್ಯ ಪ್ರತಿವಾದ. ಅದು ಎಷ್ಟೋ ವೇಳೆ ನಿಜವೂ ಆಗಿರುತ್ತದೆ. ತೊಂದರೆಯೆಂದರೆ, ಗುಣಮಟ್ಟ ವಿಭಾಗದ ಮೇಲ್ವಿಚಾರಕನು ದೂರವಾಣಿಯಲ್ಲಿ ಜಗಳವಾಡಿರುತ್ತಾನೆಯೇ ಹೊರತು ಒಂದು ಸಾಲನ್ನೂ ಬರೆದಿರುವುದಿಲ್ಲ. ಎಂಎಸ್‌ಎಂಇಡಿ ಕಾಯಿದೆಯಂತೆ ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ತಲುಪಿದ ದಿನವೇ ಸರಕನ್ನು ಅಂಗೀಕರಿಸಿದಂತೆ. 2016ರ ದಿವಾಳಿ ಸಂಹಿತೆಯಲ್ಲೂ ಇದೇ ಧಾಟಿ. 1 ಕೋಟಿ ಅಥವಾ ಅದಕ್ಕೆ ಮೇಲ್ಪಟ್ಟ ಬಾಕಿಗಾಗಿ ಸರಬರಾಜುದಾರನು ಬೇಡಿಕೆ ನೋಟೀಸು ಕೊಟ್ಟರೆ ಉತ್ತರಿಸಲು ದೊರೆಯುವುದು 10 ದಿನ. ಮತ್ತು ವಿವಾದವು ಆ ನೋಟೀಸಿಗೆ ಮೊದಲೇ ಹುಟ್ಟಿದ್ದಾಗಿರಬೇಕೆಂದು ಮೊಬಿಲಾಕ್ಸ್ ಪ್ರಕರಣದಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನೋಟೀಸು ಬಂದ ಮೇಲೆ ಬರೆಯುವ ದೂರು ಪತ್ರವು ವಿವಾದವನ್ನು ಹುಟ್ಟಿಸಲಾರದು.

ಖರೀದಿದಾರನ ಸ್ವಂತ ತೆರಿಗೆ ದಾಖಲೆಗಳೂ ಅವನಿಗೆ ವಿರುದ್ಧವಾಗಿ ನಿಲ್ಲಬಹುದು. ಸರಕನ್ನು ಒಪ್ಪಿಕೊಂಡಿಲ್ಲ ಎನ್ನುವವನು ಅದೇ ಬೀಜಕದ ಮೇಲೆ ಜಿಎಸ್‌ಟಿ ಹೂಡುವಳಿ ತೆರಿಗೆಯ ಜಮೆ ಪಡೆದಿದ್ದರೆ, 180 ದಿನ ಕಳೆದರೂ ಹಣ ಕೊಡದೆ ಆ ಜಮೆಯನ್ನು ಹಿಂತಿರುಗಿಸದೆ ಇದ್ದರೆ, ಪಾಟಿ ಸವಾಲಿನಲ್ಲಿ ಅವನು ಹೇಳಬಹುದಾದದ್ದು ಹೆಚ್ಚೇನೂ ಉಳಿಯುವುದಿಲ್ಲ. ಎಂಎಸ್‌ಎಂಇಡಿ ಕಾಯಿದೆಯ 22ನೆಯ ಪ್ರಕರಣದಂತೆ ಸಣ್ಣ ಘಟಕಗಳಿಗೆ ಕೊಡಬೇಕಾದ ಅಸಲು ಮತ್ತು ಬಡ್ಡಿಯನ್ನು ಖರೀದಿದಾರನು ತನ್ನ ಪರಿಶೋಧಿತ ಲೆಕ್ಕಪತ್ರದಲ್ಲಿ ಬೇರೆಯಾಗಿ ತೋರಿಸಬೇಕು. ಕಂಪನಿಗಳು 45 ದಿನ ಮೀರಿದ ಬಾಕಿಗಳ ಅರ್ಧವಾರ್ಷಿಕ ವಿವರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಒಂದು ವಿಭಾಗವು ಬಾಕಿಯಿದೆಯೆಂದು ಸರ್ಕಾರಕ್ಕೆ ತಿಳಿಸುತ್ತಿರುವಾಗ ಇನ್ನೊಂದು ವಿಭಾಗವು ಬಾಕಿಯೇ ಇಲ್ಲವೆಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡುವುದು ದೊಡ್ಡ ಸಂಸ್ಥೆಗಳಲ್ಲೂ ಅಸಂಭವವೇನಲ್ಲ.

ದಾಖಲೆಗಳ ವಿಷಯದಲ್ಲಿ ವಾಣಿಜ್ಯ ನ್ಯಾಯಾಲಯವು ಎರಡನೆಯ ಅವಕಾಶವನ್ನು ಸುಲಭವಾಗಿ ಕೊಡುವುದಿಲ್ಲ. ವಾದಿಯು ತನ್ನ ವಶದಲ್ಲಿರುವ ದಾಖಲೆಗಳೆಲ್ಲವನ್ನೂ, ತನಗೆ ಪ್ರತಿಕೂಲವಾದವುಗಳನ್ನೂ ಸೇರಿಸಿ, ವಾದಪತ್ರದೊಡನೆಯೇ ಸಲ್ಲಿಸಬೇಕು; ಬಿಟ್ಟುಹೋದದ್ದನ್ನು ಆಮೇಲೆ ತರಬೇಕಾದರೆ ಸಕಾರಣ ತೋರಿಸಿ ಅನುಮತಿ ಪಡೆಯಬೇಕು. ಟ್ಯಾಲಿಯಿಂದ ಮುದ್ರಿಸಿದ ಖಾತೆಯ ಪ್ರತಿ, ಇ-ಅಂಚೆ, ವಾಟ್ಸ್ಆ್ಯಪ್ ಸಂದೇಶ ಇವೆಲ್ಲ ವಿದ್ಯುನ್ಮಾನ ದಾಖಲೆಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಇವುಗಳ ಜೊತೆ ಎರಡು ಭಾಗಗಳ ಪ್ರಮಾಣಪತ್ರ ಬೇಕು: ಒಂದು ಭಾಗಕ್ಕೆ ಗಣಕಯಂತ್ರದ ಉಸ್ತುವಾರಿಯುಳ್ಳವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ದಾಖಲೆಯ ಹ್ಯಾಷ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಕೆಲಸ ಬಿಟ್ಟುಹೋದ ಮಾರಾಟ ಅಧಿಕಾರಿಯ ಸ್ವಂತ ಮೊಬೈಲಿನಲ್ಲಿ ಉಳಿದ ಒಪ್ಪಿಗೆ ಸಂದೇಶಕ್ಕೆ ಪ್ರಮಾಣಪತ್ರ ಕೊಡುವವರು ಯಾರು? ಮಾತುಕತೆ ಎಲ್ಲಿಯೇ ನಡೆದಿರಲಿ, ಅದರ ಸಾರವನ್ನು ಸಂಸ್ಥೆಯ ಇ-ಅಂಚೆಯಿಂದ ಅದೇ ದಿನ ಬರೆದು ಕಳಿಸುವ ಪದ್ಧತಿ ಇದಕ್ಕೆ ಪರಿಹಾರ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ಉಳಿಯಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದರಿಂದ, ದಾವೆ ಬಂದ ಮೇಲೆ ಹಿಂದಿನ ದಿನಾಂಕಕ್ಕೆ ಸೇರಿಸಿದ ಡೆಬಿಟ್ ನೋಟಿನ ಬಣ್ಣ ಬಯಲಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಸೋತ ಪಕ್ಷವೇ ವೆಚ್ಚ ಭರಿಸುವುದು ಈಗ ವಾಣಿಜ್ಯ ದಾವೆಗಳ ಸಾಮಾನ್ಯ ನಿಯಮ. ಮೇಲ್ಮನವಿಗೆ 60 ದಿನ. ವಿಳಂಬವನ್ನು ಮನ್ನಿಸುವುದು ಅಪವಾದವಾಗಿ ಮಾತ್ರ, ಅದೂ ಅಲ್ಪ ವಿಳಂಬವಾಗಿದ್ದರೆ ಎಂದು ಬೋರ್ಸೆ ಬ್ರದರ್ಸ್ ಪ್ರಕರಣದಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ತ್ರೈಮಾಸಿಕಕ್ಕೊಮ್ಮೆ ಆಡಳಿತ ಮಂಡಳಿಯ ಮುಂದಿಡುವ ಬಾಕಿದಾರರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಎಂಬ ಕಾಲಂಗಳು. ಅವುಗಳ ಪಕ್ಕದಲ್ಲಿ ಇನ್ನು ನಾಲ್ಕನ್ನು ಸೇರಿಸಿದರೆ ಪಟ್ಟಿ ಪೂರ್ಣವಾಗುತ್ತದೆ: ಪ್ರತಿ ಬೀಜಕದ ಉದ್ದರಿ ಮುಗಿದ ದಿನ, ಸಹಿಯುಳ್ಳ ಕೊನೆಯ ಒಪ್ಪಿಗೆಯ ದಿನ, ಕಾಲಮಿತಿ ಮುಗಿಯುವ ದಿನ, ಮತ್ತು ಅದಕ್ಕೆ ಆರು ತಿಂಗಳು ಮೊದಲು ಬರುವ, ಮಧ್ಯಸ್ಥಿಕೆಯ ಅರ್ಜಿ ಸಲ್ಲಿಸಿರಬೇಕಾದ ದಿನ. ಕೊಡಬೇಕಾದವರ ಪಟ್ಟಿಯಲ್ಲಿ ಸರಬರಾಜುದಾರನ ಉದ್ಯಮ್ ಸಂಖ್ಯೆ ಮತ್ತು ಆಕ್ಷೇಪಣೆಯ 15ನೆಯ ದಿನ ಇದ್ದರೆ ಸಾಕು. ಇದಕ್ಕೆ ಹೊಸ ತಂತ್ರಾಂಶವಾಗಲಿ ಹೊಸ ನೌಕರನಾಗಲಿ ಬೇಕಾಗುವುದಿಲ್ಲ. ಬೀಜಕ ದಾಖಲಿಸುವ ಗುಮಾಸ್ತನೇ ಅದೇ ಹೊತ್ತಿನಲ್ಲಿ ಈ ದಿನಗಳನ್ನೂ ಬರೆದಿಡಬಲ್ಲ.